ಗುಡಿಸುವ ಸರದಿ ಇಲ್ಲದ ಊರಲ್ಲಿ

ಸ್ಟುಟ್‌ಗಾರ್ಟ್ ನೋಡಬೇಕು ಅಂತ ಬೆಂಗಳೂರಿನಿಂದ ಯಾರೂ ಹೋಗುವುದಿಲ್ಲ. ಯುರೋಪ್ ಟೂರ್ ಅಂದರೆ ಪ್ಯಾರಿಸ್, ರೋಮ್, ಸ್ವಿಟ್ಜರ್ಲೆಂಡ್. ಜರ್ಮನಿಯೇ ಆದರೂ ಬರ್ಲಿನ್, ಮ್ಯೂನಿಕ್. ಸ್ಟುಟ್‌ಗಾರ್ಟಿಗೆ ಜನ ಹೋಗುವುದು ಕೆಲಸಕ್ಕೆ. ಬಾಷ್, ಮರ್ಸಿಡಿಸ್, ಪೋರ್ಷೆ ಎಲ್ಲ ಅಲ್ಲಿನವೇ. ಆಡುಗೋಡಿ, ಕೋರಮಂಗಲದ ಕಡೆ ಎಂಜಿನಿಯರುಗಳ ಮನೆಯಲ್ಲಿ ಕೇಳಿ ನೋಡಿ, ತುಮಕೂರಿನಷ್ಟೇ ಸಲೀಸಾಗಿ ಆ ಊರಿನ ಹೆಸರು ಬಾಯಿಗೆ ಬರುತ್ತದೆ. ನಾವೂ ಹಾಗೆ ಹೋದವರೇ. ಸ್ವಲ್ಪ ದಿನಕ್ಕೆ ಅಂತ ಹೋಗಿ ಅಲ್ಲೇ ಸಂಸಾರ ಹೂಡಿದೆವು. ಮಾವನವರ ಆರೋಗ್ಯ ಕೆಟ್ಟಾಗ, 2015ರಲ್ಲಿ, ಗಂಟುಮೂಟೆ ಕಟ್ಟಿ ವಾಪಸ್ ಬಂದೆವು.

ಮತ್ತೆ ಹೋಗಿದ್ದು 2025ರ ಮೇ ತಿಂಗಳಲ್ಲಿ. ಮಗನ ಸಿಇಟಿ ಮುಗಿದಿತ್ತು, ಮಗಳಿಗೆ ಬೇಸಿಗೆ ರಜೆ. "ಅಷ್ಟು ದುಡ್ಡು ಕೊಟ್ಟು ಹಳೇ ಊರಿಗೇ ಹೋಗ್ತೀರಾ?" ಅಂತ ನನ್ನ ಅಕ್ಕ ಕೇಳಿದಳು. ಪ್ಯಾರಿಸ್‌ಗೂ ಹೋಗಿ ಬರ್ತೀವಿ ಅಂತ ಅವಳ ಸಮಾಧಾನಕ್ಕೆ ಹೇಳಿದೆ. ಹೋಗಲಿಲ್ಲ.

ಫ್ರಾಂಕ್‌ಫರ್ಟ್ ಇಮಿಗ್ರೇಷನ್‌ನಲ್ಲಿ ಕೂತಿದ್ದ ಅಧಿಕಾರಿ ಮಗಳ ಪಾಸ್‌ಪೋರ್ಟ್ ನೋಡಿ ಹುಬ್ಬೇರಿಸಿದ. ಹುಟ್ಟಿದ ಸ್ಥಳ ಅನ್ನುವಲ್ಲಿ ಸ್ಟುಟ್‌ಗಾರ್ಟ್ ಅಂತಿದೆ. ನಗುತ್ತ ಅವಳಿಗೆ ಜರ್ಮನ್‌ನಲ್ಲಿ ಏನೋ ಕೇಳಿದ. ಅವಳು ನನ್ನ ಮುಖ ನೋಡಿದಳು. ಕಿಂಡರ್‌ಗಾರ್ಟನ್‌ನಲ್ಲಿ ಮಾತಿನ ಮಲ್ಲಿ ಅನ್ನಿಸಿಕೊಂಡಿದ್ದವಳು ಇವಳು. ಮನೆಯಲ್ಲಿ ಕನ್ನಡ ಮಾತಾಡಿಸಿದರೆ ಆ ಕಡೆಯ ಶ್ವಾಬಿಷ್ ಆಡುಮಾತಿನಲ್ಲಿ ಉತ್ತರ ಕೊಡುತ್ತಿದ್ದಳು. ಅತ್ತೆ ಬಂದಾಗ ಅಜ್ಜಿ ಮೊಮ್ಮಗಳ ನಡುವೆ ನಾನೇ ದುಭಾಷಿ. ಈಗ ಒಂದು ಪದ ಇಲ್ಲ. ಅಲ್ಲಿನ ಗಾಳಿ ಸೋಕಿದರೆ ಏನಾದರೂ ನೆನಪಾದೀತು ಅಂತ ನಮ್ಮವರು ಕಾದರು. ಟ್ರ್ಯಾಮಿನಲ್ಲಿ ಸ್ಟಾಪ್ ಹೆಸರು ಕೂಗಿದಾಗಲೆಲ್ಲ ಅವಳ ಕಡೆ ತಿರುಗಿ ನೋಡುವುದು. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು. ಏನೂ ನೆನಪಾಗಲಿಲ್ಲ.

ಅವಳು "ನೆನಪಿದೆ" ಅಂದದ್ದೆಲ್ಲ ನಮ್ಮ ಫೋನಿನ ಫೋಟೋಗಳಲ್ಲಿ ಇರುವ ಜಾಗಗಳೇ ಅಂತ ಎರಡನೇ ದಿನ ನನಗೆ ಹೊಳೆಯಿತು. ಕೆಂಪು ಜಾಕೆಟ್ ಹಾಕಿಕೊಂಡು ನಿಂತ ಕಾರಂಜಿ ನೆನಪಿದೆ. ದಿನಾ ಎರಡು ಸಲ ದಾಟುತ್ತಿದ್ದ ಬೇಕರಿ ನೆನಪಿಲ್ಲ. ಬೇಕರಿಯ ಫೋಟೋ ಯಾರು ತೆಗೆಯುತ್ತಾರೆ?

ಮಗನ ಕಥೆ ಬೇರೆ. ಮೂರನೇ ಕ್ಲಾಸಿನವರೆಗೆ ಅಲ್ಲೇ ಓದಿದವನು. ಭಾಷೆ ಉಳಿದಿದೆ, ಆದರೆ ಮೂರನೇ ಕ್ಲಾಸಿನಲ್ಲೇ ನಿಂತಿದೆ. ಚೆಂಡು, ಜಾರುಬಂಡೆ, "ಅವನು ನನ್ನ ಪೆನ್ಸಿಲ್ ತಗೊಂಡ" ಎಲ್ಲ ಗೊತ್ತು. ಬಾಡಿಗೆ, ಖಾತೆ, ಅರ್ಜಿ ಗೊತ್ತಿಲ್ಲ. ಆರಡಿಯ ಹುಡುಗ, ಮೀಸೆ ಬೇರೆ ಬಂದಿದೆ, ಬೇಕರಿಯ ಹೆಂಗಸಿಗೆ ಏಕವಚನದಲ್ಲಿ "ನನಗೆ ಅದು ಬೇಕು, ಆ ದೊಡ್ಡದು" ಅಂದ. ಉಚ್ಚಾರಣೆ ಅಚ್ಚುಕಟ್ಟು, ಪಕ್ಕಾ ಅಲ್ಲಿಯದೇ. ಆಕೆ ಒಂದು ಕ್ಷಣ ತಬ್ಬಿಬ್ಬಾದಳು, ಆಮೇಲೆ ನಕ್ಕು ದೊಡ್ಡ ಬ್ರೆಟ್ಸೆಲ್ಲನ್ನೇ ಕೊಟ್ಟಳು.

ಊರಿನ ರೈಲ್ವೆ ಸ್ಟೇಷನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಮಗಳು ಮತ್ತು ಆ ಸ್ಟೇಷನ್ ಒಂದೇ ವಯಸ್ಸಿನವರು. ಪೌಲ್ ಬೊನಾಟ್ಸ್ ಅನ್ನುವ ವಾಸ್ತುಶಿಲ್ಪಿ ಕಟ್ಟಿದ ಹಳೆಯ ಸ್ಟೇಷನ್ನಿನಲ್ಲಿ ರೈಲುಗಳು ಬಂದು ನಿಂತು, ಬಂದ ದಿಕ್ಕಿಗೇ ವಾಪಸ್ ಹೊರಡಬೇಕು. 16 ಹಳಿಗಳ ಅದನ್ನು ತೆಗೆದು, ನೆಲದಡಿಯಲ್ಲಿ 8 ಹಳಿಗಳ ಹೊಸ ಸ್ಟೇಷನ್ ಅಡ್ಡಡ್ಡಲಾಗಿ ಕಟ್ಟುವ ಯೋಜನೆಗೆ 'ಸ್ಟುಟ್‌ಗಾರ್ಟ್ 21' ಅಂತ ಹೆಸರು. ಕೆಲಸ ಶುರುವಾಗಿದ್ದು 2010ರ ಫೆಬ್ರವರಿಯಲ್ಲಿ. ಇದಕ್ಕಾಗಿ ಪಕ್ಕದ ಷ್ಲಾಸ್‌ಗಾರ್ಟನ್ ಉದ್ಯಾನದ ದೊಡ್ಡ ದೊಡ್ಡ ಮರ ಕಡಿಯಬೇಕಿತ್ತು. ಊರೇ ಎದ್ದು ನಿಂತಿತು. ಸೆಪ್ಟೆಂಬರ್ 30ರಂದು ಅಲ್ಲಿ ನಿಂತಿದ್ದ ಶಾಲಾಮಕ್ಕಳು, ಮುದುಕರು ಅಂತ ನೋಡದೆ ಪೊಲೀಸರು ಜಲಫಿರಂಗಿ ಹಾರಿಸಿದರು. ನೂರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ನಾನು ತುಂಬು ಬಸುರಿ, ಟಿವಿ ಮುಂದೆ ಕೂತಿದ್ದೆ. ನಮ್ಮ ಕೆಳಗಿನ ಮನೆಯ ಅಜ್ಜಿ ಸಂಜೆ ತೊಪ್ಪೆಯಾಗಿ ನೆನೆದು ಮೆಟ್ಟಿಲು ಹತ್ತಿ ಬಂದರು. ಕೋಟಿನ ಮೇಲೆ "ಮೇಲೇ ಇರಲಿ" ಅಂತ ಬರೆದ ಬ್ಯಾಡ್ಜು. ಕಾಲಿನ ಬೂಟಿನಿಂದ ನೀರು ಸುರಿಯುತ್ತಿತ್ತು. ನನ್ನನ್ನು ನೋಡಿ ಅವರು ಹೇಳಿದ್ದು ಒಂದೇ ಮಾತು: "ಮೆಟ್ಟಿಲು ಒದ್ದೆ ಆಯ್ತು, ನಾನೇ ಒರೆಸ್ತೀನಿ."

ಮುಂದಿನ ವರ್ಷ ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಸರ್ಕಾರವೇ ಬದಲಾಯಿತು. ಜರ್ಮನಿಯಲ್ಲೇ ಮೊದಲ ಬಾರಿಗೆ ಗ್ರೀನ್ ಪಕ್ಷದವರೊಬ್ಬರು ಮುಖ್ಯಮಂತ್ರಿಯಾದರು. ಆದರೆ ಅದೇ ನವೆಂಬರ್‌ನಲ್ಲಿ ಜನಮತ ಕೇಳಿದಾಗ ಹೆಚ್ಚಿನವರು ಯೋಜನೆ ಮುಂದುವರಿಯಲಿ ಅಂದರು. ವಿಚಿತ್ರ ಅಲ್ವಾ? 2009ರಲ್ಲಿ ಖರ್ಚು ಸುಮಾರು 450 ಕೋಟಿ ಯೂರೋ ಅಂದಿದ್ದರು. ಈಗ 1,100 ಕೋಟಿ ದಾಟಿದೆ. 2019ಕ್ಕೆ ಮುಗಿಯಬೇಕಿತ್ತು. ನಾವು ಹೋದಾಗಲೂ ರೈಲು ಇಳಿದು ತಗಡಿನ ಗೋಡೆಗಳ ನಡುವೆ, ತಾತ್ಕಾಲಿಕ ಓಣಿಯಲ್ಲಿ, ಸೂಟ್‌ಕೇಸ್ ಎಳೆದುಕೊಂಡು ಸುತ್ತಿ ಬಳಸಿ ನಡೆದೆವು. ಜರ್ಮನ್ನರ ಶಿಸ್ತು, ಸಮಯಪಾಲನೆ ಅಂತ ನಮ್ಮಲ್ಲಿ ಉಪನ್ಯಾಸ ಕೊಡುವವರನ್ನು ಕರೆತಂದು ಆ ಓಣಿಯಲ್ಲಿ ನಡೆಸಬೇಕು. ವರ್ಷಗಟ್ಟಲೆ ಮುಗಿಯದ ಬೆಂಗಳೂರಿನ ಈಜೀಪುರ ಫ್ಲೈಓವರ್ ನೋಡಿಕೊಂಡು ಬೆಳೆದ ನನ್ನ ಮಕ್ಕಳಿಗೆ ಏನೂ ಅನ್ನಿಸಲಿಲ್ಲ.

ನಾವಿದ್ದ ಬಡಾವಣೆ ಹೆಸ್ಲಾಖ್. ಸ್ಟುಟ್‌ಗಾರ್ಟ್ ಇರುವುದು ಒಂದು ಬೋಗುಣಿಯಂಥ ತಗ್ಗಿನಲ್ಲಿ, ಸುತ್ತ ಗುಡ್ಡ. ಗುಡ್ಡದ ಇಳಿಜಾರಿನಲ್ಲಿ ಹಿಂದೆ ದ್ರಾಕ್ಷಿ ತೋಟಗಳಿದ್ದವು, ಈಗಲೂ ಊರೊಳಗೇ ಕೆಲವು ಇವೆ. ತೋಟಕ್ಕೆ ಹತ್ತಲು ಕಟ್ಟಿದ ಕಲ್ಲಿನ ಮೆಟ್ಟಿಲ ದಾರಿಗಳು ಊರು ಬೆಳೆದ ಮೇಲೆ ಬೀದಿಗಳ ನಡುವೆ ಉಳಿದುಕೊಂಡವು. 400ಕ್ಕೂ ಹೆಚ್ಚು ಅಂಥ ದಾರಿಗಳಿವೆ. ಷ್ಟೆಫೆಲೆ ಅಂತ ಕರೆಯುತ್ತಾರೆ. ಮಗುವಿನ ತಳ್ಳುಗಾಡಿ ಇದ್ದ ಕಾಲದಲ್ಲಿ ನಾನು ಈ ಮೆಟ್ಟಿಲುಗಳಿಗೆ ಹಾಕಿದ ಶಾಪ ಅಷ್ಟಿಷ್ಟಲ್ಲ. ಈ ಸಲ ಪ್ರವಾಸಿಗಳ ಬ್ಲಾಗುಗಳಲ್ಲಿ ಅವುಗಳ ಹೊಗಳಿಕೆ ಓದಿದೆ. ಕೈಯಲ್ಲಿ ಐಸ್‌ಕ್ರೀಮ್ ಹಿಡಿದು, ಮೆಲ್ಲಗೆ ಹತ್ತಿ, ನಡುನಡುವೆ ನಿಂತು ಊರು ನೋಡಿದಾಗ ಹೌದು, ಚೆನ್ನಾಗಿಯೇ ಇವೆ. ಆಲೂಗಡ್ಡೆ ಚೀಲ ಹೊರಲು ಇಲ್ಲ, ಅಳುವ ಮಗು ಇಲ್ಲ.

ನನಗೆ ಕಸಿವಿಸಿ ಶುರುವಾಗಿದ್ದೂ ಅಲ್ಲೇ. ಎಲ್ಲ ಸುಲಭವಾಗಿತ್ತು. ಆ ಊರಲ್ಲಿ ನಮಗೆ ಏನೂ ಕೆಲಸವಿರಲಿಲ್ಲ.

ಅಲ್ಲಿ ವಾಸ ಮಾಡುವುದು ಅಂದರೆ ಸಣ್ಣ ಸಣ್ಣ ಕಡ್ಡಾಯಗಳ ಸರಮಾಲೆ. ಮನೆ ಬದಲಿಸಿದರೆ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು. ಕಸದಲ್ಲಿ ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ, ತರಕಾರಿ ಸಿಪ್ಪೆ ಬೇರೆ. ಗಾಜಿನ ಬಾಟಲಿಗಳನ್ನು ಬಣ್ಣ ನೋಡಿ ಹಾಕಬೇಕು, ಅದೂ ಭಾನುವಾರ ಹಾಕುವ ಹಾಗಿಲ್ಲ, ಸದ್ದಾಗುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಆದ್ದರಿಂದ ಶನಿವಾರ ಸಂಜೆ ಹಾಲಿಗೆ ಓಟ. ಎಲ್ಲಕ್ಕಿಂತ ದೊಡ್ಡದು ಕೇರ್‌ವೊಖೆ.

ಅಪಾರ್ಟ್‌ಮೆಂಟಿನ ಮನೆಗಳು ಸರದಿ ಪ್ರಕಾರ ವಾರಕ್ಕೊಬ್ಬರಂತೆ ಗುಡಿಸಿ ಒರೆಸುವ ಪದ್ಧತಿ ಅದು. ನಿಮ್ಮ ಬಾಗಿಲಿಗೆ ಒಂದು ಸಣ್ಣ ಫಲಕ ಬಂದು ನೇತಾಡಿತು ಅಂದರೆ ಈ ವಾರ ನೀವು. ಚಿಕ್ಕ ಸರದಿಯಲ್ಲಿ ನಿಮ್ಮ ಮಹಡಿಯ ಮೆಟ್ಟಿಲು. ದೊಡ್ಡ ಸರದಿಯಲ್ಲಿ ಮನೆ ಮುಂದಿನ ಫುಟ್‌ಪಾತ್, ನೆಲಮಾಳಿಗೆ, ಹಿತ್ತಲು, ಚಳಿಗಾಲದಲ್ಲಿ ಹಿಮ ಎತ್ತುವುದು. 15ನೇ ಶತಮಾನದ ಕೊನೆಯಿಂದಲೇ ಊರು ಚೊಕ್ಕಟವಾಗಿಡುವ ಇಂಥ ಕಟ್ಟಳೆಗಳು ಅಲ್ಲಿದ್ದವಂತೆ. ನಗರಸಭೆ ತನ್ನ ಹಳೆಯ ನಿಯಮವನ್ನು 1988ರಲ್ಲೇ ತೆಗೆದುಹಾಕಿದೆ. ಆದರೆ ಬಾಡಿಗೆ ಕರಾರುಗಳಲ್ಲಿ ಅದು ಹಾಗೇ ಉಳಿದಿದೆ. ಜನರ ತಲೆಯಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿದೆ.

ಮೊದಲ ಸಲ ಫಲಕ ನಮ್ಮ ಬಾಗಿಲಿಗೆ ಬಂದಾಗ ನಮ್ಮವರಿಗೆ ಅವಮಾನವಾಯಿತು. "ಇಷ್ಟು ಬಾಡಿಗೆ ಕೊಟ್ಟೂ ನಾವೇ ಗುಡಿಸಬೇಕಾ?" ಅಂದರು. ಒಬ್ಬ ಕೆಲಸದವಳನ್ನು ಇಟ್ಟುಕೊಂಡರೆ ಮುಗಿಯಿತಲ್ಲ ಅನ್ನುವ ಬೆಂಗಳೂರಿನ ಬುದ್ಧಿ. ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, ನನ್ನ ಕೈಯಿಂದ ಕಸಬರಿಕೆ ತೆಗೆದುಕೊಂಡು, ಮೆಟ್ಟಿಲ ಮೂಲೆಯಲ್ಲಿ ಕಸ ಹೇಗೆ ತೆಗೆಯಬೇಕು ಅಂತ ತೋರಿಸಿದರು. ಮೇಲಿನಿಂದ ಕೆಳಕ್ಕೆ. ಮೊದಲು ಒಣಗಿದ್ದು, ಆಮೇಲೆ ಒದ್ದೆ. ನಾನು ಅರಸೀಕೆರೆಯ ಅಜ್ಜಿಮನೆಯಲ್ಲಿ ಅಂಗಳ ಸಾರಿಸಿ ಬೆಳೆದವಳು, ನನಗೆ ಪಾಠ! ಆದರೆ ಸುಮ್ನೆ ಕಲಿತೆ. ಕೆಲವು ತಿಂಗಳಾದ ಮೇಲೆ ಅವರು ಬಂದು ಏನೂ ಹೇಳದೆ ಮೂಲೆ ನೋಡಿ ಹೋದರು. ಬೈಯಲಿಲ್ಲ ಅಂದರೆ ಅದೇ ಹೊಗಳಿಕೆ ಅಂತ ಶ್ವಾಬಿಷ್ ಜನರಲ್ಲಿ ಒಂದು ಮಾತಿದೆ. ಅವತ್ತು ನಾನು ಪಾಸಾದೆ.

ಅತ್ತೆ ಬಂದಿದ್ದಾಗ ದೊಡ್ಡ ಸರದಿ ಬಿತ್ತು. ಬೆಳಿಗ್ಗೆ ಬೇಗ ಎದ್ದು, ಶಾಲು ಹೊದ್ದು, ಫುಟ್‌ಪಾತ್ ಗುಡಿಸಿಬಿಟ್ಟರು. ಅಷ್ಟಕ್ಕೇ ಬಿಟ್ಟರೆ ಹೇಗೆ? ಮೊಮ್ಮಗನ ಸೀಮೆಸುಣ್ಣ ತಗೊಂಡು ಕಟ್ಟಡದ ಬಾಗಿಲ ಮುಂದೆ ಏಳು ಚುಕ್ಕೆಯ ರಂಗೋಲಿ ಹಾಕಿದರು. ಎಂಟು ಗಂಟೆಗೆ ಅಜ್ಜಿ ಇಳಿದು ಬಂದರು. ನೋಡಿದರು. ಸುತ್ತ ಒಂದು ಸಲ ನಡೆದರು. ಇದನ್ನು ಯಾರು ಒರೆಸುತ್ತಾರೆ ಅಂತ ಕೇಳಿದರು. ಅತ್ತೆಗೆ ಹೇಳಿದೆ. "ನಾಳೆ ಗುಡಿಸ್ತೀನಿ, ಮತ್ತೆ ಹಾಕ್ತೀನಿ ಅಂತ ಹೇಳು" ಅಂದರು. ಅದನ್ನು ನಾನು ತಲುಪಿಸಿದೆ. ಅಜ್ಜಿಗೆ ತಲೆಬುಡ ಅರ್ಥವಾಗಲಿಲ್ಲ ಅನ್ನಿಸುತ್ತದೆ, ಆದರೆ ದಿನಾ ಗುಡಿಸುವವಳು ಅಂದ ಮೇಲೆ ಗೌರವ ಬಂತು. ಅತ್ತೆ ಇದ್ದಷ್ಟು ದಿನ ಇಬ್ಬರೂ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆ, ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಈ ಸಲ ಅಜ್ಜಿಯನ್ನು ನೋಡಲು ಹೋದೆವು. ಮೊದಲೇ ಫೋನ್ ಮಾಡಿ, ದಿನ ಗಂಟೆ ನಿಗದಿ ಮಾಡಿಕೊಂಡು. ಹಾಗೇ ಬಾಗಿಲು ತಟ್ಟುವ ಊರಲ್ಲ ಅದು. ಬಾಗಿಲ ಗಂಟೆಗಳ ಪಟ್ಟಿಯಲ್ಲಿ ನಮ್ಮ ಹೆಸರಿದ್ದ ಜಾಗದಲ್ಲಿ ಬೇರೆ ಹೆಸರು, ಪೋಲಿಷ್ ಇರಬೇಕು. ಮೆಟ್ಟಿಲು ಹತ್ತುವಾಗ ನನ್ನ ಕಣ್ಣು ತಾನಾಗಿ ಮೂಲೆಗಳ ಕಡೆ ಹೋಯಿತು. ಧೂಳು ಇತ್ತು! ಯಾವ ಬಾಗಿಲಿಗೂ ಫಲಕ ಇರಲಿಲ್ಲ.

ಅಜ್ಜಿ ಕಾಫಿಗೆ ಟೇಬಲ್ ಜೋಡಿಸಿಟ್ಟಿದ್ದರು, ಆಪಲ್ ಕೇಕ್ ಇತ್ತು. ಕೂತ ಕೂಡಲೇ ದೂರು ಶುರು. ಈಗ ಮನೆ ಮಾಲೀಕರು ಕಂಪನಿಯೊಂದಕ್ಕೆ ಶುಚಿ ಮಾಡುವ ಗುತ್ತಿಗೆ ಕೊಟ್ಟಿದ್ದಾರಂತೆ. ವಾರಕ್ಕೊಮ್ಮೆ ಒಬ್ಬ ಹುಡುಗ ಬಂದು ಕಿವಿಗೆ ಹಾಡು ಹಾಕಿಕೊಂಡು ಒದ್ದೆ ಬಟ್ಟೆ ಎಳೆದು ಹೋಗುತ್ತಾನಂತೆ. "ಮೂಲೆ ಮುಟ್ಟೋದೇ ಇಲ್ಲ. ಕೇಳಿದರೆ ಅದಕ್ಕೆ ನನಗೆ ದುಡ್ಡು ಕೊಡಲ್ಲ ಅಂತಾನೆ." ಅವರಿಗೂ ಮೊಣಕಾಲು ನೋವು, ತಾವೇ ಮಾಡುವ ಹಾಗಿಲ್ಲ. ಮೇಲಿನ ಮಹಡಿಗೆ ಬಂದ ಹೊಸಬರ ಹೆಸರು ಕೂಡ ತನಗೆ ಗೊತ್ತಿಲ್ಲ ಅಂದರು. "ನೀವು ಬಂದಾಗ ಎರಡನೇ ವಾರದಲ್ಲೇ ನನಗೆ ಎಲ್ಲ ಗೊತ್ತಾಗಿತ್ತು." ಹೌದು, ಕಸಬರಿಕೆ ಕಿತ್ತುಕೊಂಡ ನೆಪದಲ್ಲಿ ಅವರು ನನ್ನ ಊರು, ಜಾತಕ ಎಲ್ಲ ಕೇಳಿಕೊಂಡಿದ್ದರು. ಊರು ನನಗೆ ಹತ್ತಿರವಾಗಿದ್ದು ಟಿವಿ ಟವರಿನಿಂದಲ್ಲ, ಅರಮನೆಯಿಂದಲ್ಲ, ಆ ಮೆಟ್ಟಿಲಿನಿಂದ. ಅವತ್ತು ನನಗೆ ಒಂದು ಸಲ ಬಕೆಟ್ ಕೇಳಿ ಮೂಲೆ ಒರೆಸಿಬಿಡೋಣ ಅನ್ನಿಸಿತ್ತು. ನಮ್ಮವರಿಗೆ ಹೇಳಿದೆ. "ಹುಚ್ಚಾ? ಒಳ್ಳೇ ಬಟ್ಟೆ ಹಾಕ್ಕೊಂಡಿದೀಯ" ಅಂದರು. ಹಾಗಲ್ಲದಿದ್ದರೂ ಮಾಡುವ ಹಾಗಿರಲಿಲ್ಲ. ಅತಿಥಿಗಳು ಮೆಟ್ಟಿಲು ಒರೆಸುವುದಿಲ್ಲ.

ಟಿವಿ ಟವರ್ ಅಂದೆನಲ್ಲ, ಅದಕ್ಕೂ ಹೋದೆವು. ನಾವಿದ್ದ ಕೊನೆಯ ವರ್ಷಗಳಲ್ಲಿ ಅದು ಮುಚ್ಚಿತ್ತು. ಬೆಂಕಿ ಬಿದ್ದರೆ ಜನ ಇಳಿಯುವ ದಾರಿ ಸರಿಯಿಲ್ಲ ಅಂತ 2013ರಲ್ಲಿ ಮುಚ್ಚಿ, ಮತ್ತೆ ತೆರೆದದ್ದು 2016ರ ಜನವರಿಯಲ್ಲಿ, ನಾವು ಬೆಂಗಳೂರಿಗೆ ಬಂದ ಮೇಲೆ. ಮರೀಯೆನ್‌ಪ್ಲಾಟ್ಸ್‌ನಿಂದ ಹಲ್ಲುಚಕ್ರದ ರೈಲು ಹತ್ತಿ ಡೇಗರ್‌ಲೋಖ್ ಗುಡ್ಡಕ್ಕೆ ಹೋಗಬೇಕು. ಈ ದಾರಿ 1884ರಿಂದ ಇದೆ, ಗಾಡಿಗಳು ಮಾತ್ರ ಹೊಸವು. ಮುಂದುಗಡೆ ಸೈಕಲ್ ಇಡಲು ಒಂದು ಟ್ರಾಲಿ. ಟವರ್ 1956ರದು, ಫ್ರಿಟ್ಸ್ ಲಿಯೊನ್‌ಹಾರ್ಟ್ ಅನ್ನುವ ಎಂಜಿನಿಯರ್ ಕಟ್ಟಿದ್ದು. ಕಾಂಕ್ರೀಟಿನಲ್ಲಿ ಕಟ್ಟಿದ ಜಗತ್ತಿನ ಮೊದಲ ಟಿವಿ ಟವರ್. ಕಬ್ಬಿಣದ ಕಂಬ ನಿಲ್ಲಿಸಿದರೆ ಸಾಕಿತ್ತು, ಮೇಲೊಂದು ರೆಸ್ಟೋರೆಂಟ್ ಇಟ್ಟು ಟಿಕೆಟ್ ಮಾರಿದರು, ಐದೇ ವರ್ಷದಲ್ಲಿ ಖರ್ಚು ವಾಪಸ್ ಬಂತು. ಲೆಕ್ಕದಲ್ಲಿ ಶ್ವಾಬಿಷ್ ಜನ ಬಲು ಗಟ್ಟಿ. ಮೇಲಿನಿಂದ ನಮ್ಮ ಮನೆ ಹುಡುಕಿದೆವು. ಚರ್ಚಿನ ಗೋಪುರದವರೆಗೆ ಸಿಕ್ಕಿತು, ಅಲ್ಲಿಂದ ಮುಂದೆ ನಾನೂ ನಮ್ಮವರೂ ಬೇರೆ ಬೇರೆ ಛಾವಣಿಗೆ ಬೆರಳು ತೋರಿಸಿ ಜಗಳವಾಡಿದೆವು.

ಲೈಬ್ರರಿಯ ವಿಷಯದಲ್ಲಿ ಮಾತ್ರ ನನಗೆ ನಿಜವಾಗಿ ಬೇಸರವಾಯಿತು. ಮಗನಿಗೆ ಚಿತ್ರದ ಪುಸ್ತಕ ತರುತ್ತಿದ್ದದ್ದು ಹಳೆಯ ವಿಲ್ಹೆಲ್ಮ್ಸ್ ಅರಮನೆಯಿಂದ. ಆ ನಾಡಿನ ಕೊನೆಯ ರಾಜ ಇದ್ದ ಮನೆ. 2011ರಲ್ಲಿ ಲೈಬ್ರರಿ ಅಲ್ಲಿಂದ ಹೊಸ ಕಟ್ಟಡಕ್ಕೆ ಹೋಯಿತು. ಚೌಕಾಕಾರದ ದೊಡ್ಡ ಡಬ್ಬಿ. ಕೊರಿಯಾ ಮೂಲದ ವಾಸ್ತುಶಿಲ್ಪಿ ಇ ಯುನ್ ಯಂಗ್ ಅವರದು. ಊರವರು ಪುಸ್ತಕದ ಜೈಲು ಅಂತ ತಮಾಷೆ ಮಾಡುತ್ತಿದ್ದರು. ಒಳಗೆ ಹೋದರೆ ಪೂರ್ತಿ ಬಿಳಿ, ಐದು ಮಹಡಿ ಪುಸ್ತಕಗಳು ಮೇಲಕ್ಕೇರುತ್ತ ಹೋಗುತ್ತವೆ. ಆಗ ಸುತ್ತ ಬರೀ ಮಣ್ಣು ಗುಂಡಿ. ಈಗ ಮಾಲ್ ಬಂದಿದೆ, ಉದ್ದುದ್ದ ಕಟ್ಟಡ ಬಂದಿವೆ. ಹಳೆಯ ಅರಮನೆ 2018ರಿಂದ ಊರಿನ ಮ್ಯೂಸಿಯಂ ಆಗಿದೆ. ಸ್ಟೇಷನ್ ಹೋರಾಟದ ಕಥೆ ಕೇಳಿ ಮಗಳು "ಅಮ್ಮ, ನೀನಿದ್ಯಾ ಆಗ?" ಅಂದಳು. ಮೊದಲ ಬಾರಿ ಇಯರ್‌ಫೋನ್ ತೆಗೆದು ಕೇಳಿದ ಪ್ರಶ್ನೆ. ಇದ್ದೆ, ನೀನೂ ಇದ್ದೆ, ಹೊಟ್ಟೆಯಲ್ಲಿ, ಅಂದೆ. ಅವಳಿಗೆ ಅದು ಇಷ್ಟವಾಯಿತು. ಗೆಳತಿಯರಿಗೆ ಮೆಸೇಜ್ ಹಾಕಿದಳು.

ಒಂದು ದಿನ ಎಸ್ಲಿಂಗೆನ್‌ಗೆ ಹೋಗಿ ಬಂದೆವು, ಲೋಕಲ್ ರೈಲಿನಲ್ಲಿ ಪಕ್ಕದ ಊರು. 1843ರಲ್ಲಿ 'ಮಂಗಳೂರು ಸಮಾಚಾರ' ಶುರು ಮಾಡಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಊರಲ್ಲಿ. ಇನ್ನಷ್ಟು ಮುಂದೆ ಹೋದರೆ ಟ್ಯೂಬಿಂಗೆನ್, ಅಲ್ಲಿ 1903ರಲ್ಲಿ ಕಿಟೆಲ್. ಕನ್ನಡದ ಮೊದಲ ಪತ್ರಿಕೆಯೂ ಕಿಟೆಲ್ ನಿಘಂಟೂ ನಾವು ವರ್ಷಗಟ್ಟಲೆ ಬ್ರೆಡ್ಡು ಹಾಲು ತಂದ ಊರಿನ ಆಸುಪಾಸಿನಲ್ಲಿ ಕೊನೆಯ ದಿನ ಕಳೆದವರ ಕೆಲಸ. ಕಿಟೆಲ್ ಒಮ್ಮೆ ಜರ್ಮನಿಗೆ ಹೋದವರು, ನಿಘಂಟು ಮುಗಿಸಲು ಮತ್ತೆ ಕನ್ನಡ ನಾಡಿಗೆ ಬಂದರು. ಅವರಿಗೆ ವಾಪಸ್ ಬರಲು ಒಂದು ಕೆಲಸವಿತ್ತು. 1894ರಲ್ಲಿ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಗಬೇಡಿ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಮೊದಲಿನಷ್ಟೇ ಚೆಂದ. ಸಾಸೇಜ್ ಬೇಡ ಅಂತ ಹೇಳಿ ತರಿಸಿದ ಅಲ್ಲಿನ ಬೇಳೆ ಮತ್ತು ಷ್ಪೆಟ್ಸ್ಲೆ ಅನ್ನುವ ನೂಡಲ್ಸ್ ಮೊದಲಿನಷ್ಟೇ ಸಪ್ಪೆ. ಬೇಳೆಗೆ ವಿನೆಗರ್ ಹಾಕುತ್ತಾರೆ, ಒಗ್ಗರಣೆ ಹಾಕುವುದಿಲ್ಲ. ಇದನ್ನು ನಾನು ಅವತ್ತೂ ಕ್ಷಮಿಸಿರಲಿಲ್ಲ, ಇವತ್ತೂ ಇಲ್ಲ.

ವಾಪಸ್ ಬರುವ ವಿಮಾನದಲ್ಲಿ ಮಗ ಎಂಎಸ್ ಮಾಡಲು ಅಲ್ಲಿಗೇ ಹೋಗುತ್ತೇನೆ ಅಂದ. ನಮ್ಮವರು ಅಲ್ಲೇ ಫೋನಿನಲ್ಲಿ ಲೆಕ್ಕ ಶುರು ಮಾಡಿದರು. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಆ ರಾಜ್ಯದಲ್ಲಿ 2017ರಿಂದ ಯುರೋಪಿಯನ್ ಯೂನಿಯನ್ನಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು. ಜೊತೆಗೆ ವೀಸಾಕ್ಕೆ ಮೊದಲೇ ವರ್ಷದ ಖರ್ಚು ಅಂತ 11,904 ಯೂರೋ ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. ಇಲ್ಲಿ ಎಂಜಿನಿಯರಿಂಗ್ ಮುಗಿಯುವ ಹೊತ್ತಿಗೆ ಇವೆಲ್ಲ ಎಷ್ಟಾಗಿರುತ್ತವೋ. ಇಂದಿರಾನಗರದ ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ಅವನ ಜರ್ಮನ್ ಪರೀಕ್ಷಿಸಿದರು. ಮಾತು ಕೇಳಿ ಟೀಚರ್ ಖುಷಿಯಾದರಂತೆ, ಬರೆಸಿ ನೋಡಿ ಕೆಳಗಿನ ಕ್ಲಾಸಿಗೆ ಹಾಕಿದರು. ವಿಭಕ್ತಿ ಪ್ರತ್ಯಯ, ಬಹುವಚನದ ಗೌರವ, ಎಲ್ಲ ಮೊದಲಿನಿಂದ.

ಮೊನ್ನೆ ಅಜ್ಜಿಗೆ ಫೋನ್ ಮಾಡಿ ಹೊಸದಾಗಿ ಕಲಿತದ್ದನ್ನೆಲ್ಲ ಒಪ್ಪಿಸಿದ. ಅವರು ಪೂರ್ತಿ ಕೇಳಿಸಿಕೊಂಡು, "ಇದೇನೋ ಹ್ಯಾನೋವರ್ ಕಡೆಯವನ ಹಾಗೆ ಮಾತಾಡ್ತೀಯ, ಸರಿಯಾಗಿ ಮಾತಾಡು" ಅಂದರಂತೆ. ಹ್ಯಾನೋವರ್ ಕಡೆಯದು ಪುಸ್ತಕದ ಜರ್ಮನ್ ಅಂತ ಹೆಸರು. ಆಮೇಲೆ ಕಂಪನಿಯ ಆ ಹುಡುಗ ಹೋದ ವಾರ ಬರಲೇ ಇಲ್ಲ ಅಂತ ಅರ್ಧ ಗಂಟೆ ದೂರಿದರು. ಮಗನಿಗೆ ಕೇಳುವ ಅಭ್ಯಾಸ ಚೆನ್ನಾಗಿ ಆಗುತ್ತಿದೆ. ಜರ್ಮನ್ ಭಾಷೆಯ ಬಿ1 ಮಟ್ಟದ ಪರೀಕ್ಷೆ ಮುಂದಿನ ವರ್ಷ ಬರೆಯಬೇಕು ಅಂತಿದ್ದಾನೆ.